ಮಿತವ್ಯಯದ ಗಣಕಯಂತ್ರ: ಯಾವ ಭಾಗಕ್ಕೆ ಎಷ್ಟು ಹಣ?

(ಪೋಷಕರ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ತುಲಾಮಾಸದ ಒಂದು ಸಂಜೆ ಪೋಷಕರೊಬ್ಬರು ಅಂಗಡಿಯವನು ಬರೆದುಕೊಟ್ಟ ಚೀಟಿಯೊಂದನ್ನು ಹಿಡಿದು ನನ್ನ ಕೊಠಡಿಗೆ ಬಂದರು. ಅಡಕೆ ಮಾರಿ ಬಂದ ಹಣದಲ್ಲಿ ಮಗಳಿಗೊಂದು ಗಣಕಯಂತ್ರವನ್ನು ಜೋಡಿಸಿಕೊಡಬೇಕೆಂಬುದು ಅವರ ಬಯಕೆ. “ಮಾಷ್ಟ್ರೇ, ಇದ್ರಲ್ಲಿ ಮೋಸ ಉಂಟಾ ನೋಡಿ” ಎಂದರು.

ಚೀಟಿಯ ಮೊದಲ ಸಾಲಿನಲ್ಲಿ ಐ3-12100ಎಫ್ ಎಂಬ ಪ್ರೊಸೆಸರಿನ ಹೆಸರಿತ್ತು. ಕೊನೆಯ ಸಾಲಿನವರೆಗೆ ಹುಡುಕಿದರೂ ಗ್ರಾಫಿಕ್ಸ್ ಕಾರ್ಡಿನ ಸುಳಿವಿರಲಿಲ್ಲ. ಇಂಟೆಲ್ ಸಂಸ್ಥೆಯವರು ಹೆಸರಿನ ತುದಿಗೆ ‘ಎಫ್’ ಅಕ್ಷರವನ್ನು ಇಟ್ಟರೆ, ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಭಾಗವು ಅದರೊಳಗೆ ಇಲ್ಲವೆಂದೇ ತಾತ್ಪರ್ಯ. ಹಾಗೆಯೇ ಕೊಂಡಿದ್ದರೆ ಯಂತ್ರ ಮನೆಗೆ ಬರುತ್ತಿತ್ತು, ಒಳಗಿನ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಅಮಾವಾಸ್ಯೆಯಂತೆ ಕಪ್ಪಾಗಿಯೇ ಇರುತ್ತಿತ್ತು. ‘ಎಫ್’ ಇಲ್ಲದ ಐ3-12100ಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಪಾಠ, ಬರವಣಿಗೆ, ಚಲನಚಿತ್ರಗಳಿಗೆ ಬೇರೆ ಕಾರ್ಡಿನ ಗೊಡವೆಯೇ ಇಲ್ಲ. ಎಎಂಡಿಯವರ ರೈಜನ್ 5 5600ಜಿ ಕೂಡ ಇದೇ ಬಗೆಯದು. ಅಲ್ಲಿ ಮಾತ್ರ ತುದಿಯ ‘ಜಿ’ ಇರಬೇಕು.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಯಂತ್ರಗಳನ್ನು ಮಾರುವವರು “ಇದು ಐ5, ಐ3ಕ್ಕಿಂತ ಮೇಲು” ಎನ್ನುತ್ತಾರೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬಂತೆ! 2012ರ ಐ5-3470 ಮೂರನೆಯ ತಲೆಮಾರಿನದು. 2022ರ ಐ3-12100 ಹನ್ನೆರಡನೆಯದು. ವೇಗದಲ್ಲಿ ಈ ಕಿರಿಯನು ಆ ಹಿರಿಯನನ್ನು ಬಹು ದೂರ ಹಿಂದಿಕ್ಕುತ್ತಾನೆ. ಆ ಹಳೆಯದನ್ನು ವಿಂಡೋಸ್ 11 ತನ್ನ ಅರ್ಹರ ಪಟ್ಟಿಗೇ ಸೇರಿಸಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಆದಕಾರಣ ‘ಐ’ಯ ಮುಂದಿನ ಅಂಕಿಗೆ ಮರುಳಾಗದೆ, ಅಡ್ಡಗೆರೆಯ ಆಚೆಗಿನ ಅಂಕಿಗಳನ್ನು ಓದಬೇಕು.

ಇನ್ನು ನಾನೇ ಮಾಡಿದ ತಪ್ಪನ್ನು ತಮ್ಮೆದುರು ಅರಿಕೆ ಮಾಡಿಕೊಳ್ಳುತ್ತೇನೆ. 2021ರಲ್ಲಿ ಮಗನ ಆನ್‌ಲೈನ್ ಪಾಠಕ್ಕಾಗಿ ಯಂತ್ರವನ್ನು ಜೋಡಿಸಿದಾಗ, ಹಣವನ್ನೆಲ್ಲ ಪ್ರೊಸೆಸರಿಗೆ ಸುರಿದು, ಕ್ಯಾಬಿನೆಟ್ಟಿನೊಡನೆ ಅಗ್ಗಕ್ಕೆ ಬಂದ ಎಸ್‌ಎಂಪಿಎಸ್ಸನ್ನೇ ಇಟ್ಟುಕೊಂಡೆ. ಎರಡನೆಯ ಬೇಸಗೆಯಲ್ಲಿ ಒಂದು ರಾತ್ರಿ ಸುಟ್ಟ ವಾಸನೆ ಬಂದಿತು. ಅದು ತಾನು ಸತ್ತದ್ದಲ್ಲದೆ ಮದರ್‌ಬೋರ್ಡನ್ನೂ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಮಗನ ಎರಡು ವರ್ಷದ ಟಿಪ್ಪಣಿಗಳು ಮತ್ತೆ ಸಿಗಲಿಲ್ಲ. ಬೇರೆಡೆ ಪ್ರತಿ ತೆಗೆದಿಡದ ತಪ್ಪೂ ನನ್ನದೇ.

ಅನಂತರ ಅದರ ಬದಿಯ ಚೀಟಿಯನ್ನು ಓದಿದೆ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟಿನ ತಂತಿಗೆ 16 ಆಂಪಿಯರ್. ಪ್ರೌಢಶಾಲೆಯ ಮಕ್ಕಳೇ, ಲೆಕ್ಕ ಹಾಕಿರಿ: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ 192 ವ್ಯಾಟ್. ಇಂದಿನ ಗಣಕಯಂತ್ರವು ತನ್ನ ಶಕ್ತಿಯ ಬಹುಪಾಲನ್ನು ಪಡೆಯುವುದು ಈ 12 ವೋಲ್ಟಿನಿಂದಲೇ. ನನ್ನ ಯಂತ್ರಕ್ಕೆ 192 ಸಾಲದಿರಲಿಲ್ಲ, ನಿಜ. ಆದರೆ ಹಣೆಯ ಮೇಲೆಯೇ ಉತ್ಪ್ರೇಕ್ಷೆಯನ್ನು ಬರೆದುಕೊಂಡ ಪೆಟ್ಟಿಗೆಯ ಒಳಗೆ ರಕ್ಷಣೆಯ ಏರ್ಪಾಡು ಇದ್ದೀತೆಂದು ನಂಬುವುದು ಹೇಗೆ? ‘80 ಪ್ಲಸ್’ ಮುದ್ರೆಯುಳ್ಳ, ಹಲವು ವರ್ಷಗಳ ವಾರಂಟಿಯುಳ್ಳ 450 ವ್ಯಾಟಿನದೊಂದನ್ನು ಬೇರೆಯಾಗಿಯೇ ಕೊಳ್ಳಿರಿ. ಇಡೀ ಚೀಟಿಯಲ್ಲಿ ನಾನು ಚೌಕಾಸಿ ಮಾಡಬೇಡಿರೆನ್ನುವ ಸಾಲು ಇದೊಂದೇ.

ಸಿಡಿಲಿಗೆ ಮಾತ್ರ ಅದೂ ಉತ್ತರವಲ್ಲ. ನಮ್ಮ ಮುರಕಲ್ಲಿನ ಗುಡ್ಡಗಳ ಮನೆಗಳಲ್ಲಿ ಭೂಸಂಪರ್ಕ ಸರಿಯಿದೆಯೇ ಎಂದು ವಿದ್ಯುತ್ ಕೆಲಸದವರಿಂದ ಪರೀಕ್ಷಿಸಿಕೊಳ್ಳಿರಿ. ಗುಡುಗು ದೂರದಲ್ಲಿ ಕೇಳಿಸಿದೊಡನೆಯೇ ವಿದ್ಯುತ್ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡಿರಿ.

ಡಿಸ್ಕಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ತಿರುಗುವ ಹಾರ್ಡ್ ಡಿಸ್ಕಿಗೆ ಬದಲು ಸಣ್ಣದಾದರೂ ಎಸ್‌ಎಸ್‌ಡಿ ಇರಲಿ. ರ್‍ಯಾಮಿನ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಬಹಳ ಏರಿತು. ಹಣ ಸಾಲದಿದ್ದರೆ 8 ಜಿಬಿಯ ಒಂದೇ ಪಟ್ಟಿಯಿಂದ ಆರಂಭಿಸಿ, ಮದರ್‌ಬೋರ್ಡಿನಲ್ಲಿ ಇನ್ನೊಂದು ಸ್ಥಾನ ಖಾಲಿ ಇರುವಂತೆ ನೋಡಿಕೊಳ್ಳಬಹುದು. ಐ3-12100 ಡಿಡಿಆರ್4, ಡಿಡಿಆರ್5 ಎರಡನ್ನೂ ಒಪ್ಪುತ್ತದೆಯಾದರೂ ಕೊಂಡ ಬೋರ್ಡು ಒಂದನ್ನೇ ಒಪ್ಪುವುದು ವಾಡಿಕೆ; ಒಂದರ ಪಟ್ಟಿ ಇನ್ನೊಂದರ ಸೀಳಿಗೆ ಕೂಡುವುದಿಲ್ಲ, ಬಲವಂತ ಮಾಡಬಾರದು.

ವಿಂಡೋಸಿಗೆ ಹಣ ಕೊಡಲೇಬೇಕೆಂದಿಲ್ಲ. ನಮ್ಮ ಕೇರಳದ ಶಾಲೆಗಳಿಗಾಗಿ ಉಬುಂಟುವಿನ ಆಧಾರದಿಂದ ಸಿದ್ಧಪಡಿಸಿದ ಕೈಟ್ ಗ್ನು/ಲಿನಕ್ಸ್ ಉಚಿತವಾಗಿಯೇ ದೊರೆಯುತ್ತದೆ. ಮಕ್ಕಳು ಪ್ರಯೋಗಾಲಯದಲ್ಲಿ ಕಲಿತದ್ದನ್ನೇ ಮನೆಯಲ್ಲಿಯೂ ಅಭ್ಯಾಸ ಮಾಡಬಹುದು. ಅದರಲ್ಲಿ ಕನ್ನಡವನ್ನೂ ಬರೆಯಬಹುದು.

ಆ ಪೋಷಕರ ಚೀಟಿಯಲ್ಲಿ ನಾವಿಬ್ಬರೂ ಕುಳಿತು ಎರಡು ಸಾಲುಗಳನ್ನು ತಿದ್ದಿದೆವು: ‘ಎಫ್’ ಹೋಯಿತು, ಬೇರೊಂದು ಎಸ್‌ಎಂಪಿಎಸ್ ಬಂದಿತು. ಹೆಚ್ಚಿದ ಹಣವನ್ನು ಬಣ್ಣದ ದೀಪಗಳ ಕ್ಯಾಬಿನೆಟ್ಟನ್ನು ಬಿಟ್ಟು ಸರಿದೂಗಿಸಿದೆವು. ಮಗಳಿಗೆ ಆ ದೀಪಗಳ ಮೇಲೆಯೇ ಕಣ್ಣಿತ್ತೆಂದು ಆಮೇಲೆ ತಿಳಿಯಿತು. ಒಂದು ವಾರ ಅವಳು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ತಮ್ಮಲ್ಲಿ ಯಾರಾದರೂ ಯಂತ್ರ ಕೊಳ್ಳುವವರಿದ್ದರೆ, ಅಂಗಡಿಗೆ ಮುಂಗಡ ಕೊಡುವ ಮೊದಲು ಚೀಟಿಯನ್ನು ತನ್ನಿರಿ. ಶನಿವಾರ ಮಧ್ಯಾಹ್ನ ನಾನು ಕೊಠಡಿಯಲ್ಲಿರುತ್ತೇನೆ.