ಮಂಡಿನೋವೂ ವಂಶದ ಋಣವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಉಪನ್ಯಾಸ)

 ನಾನು ಪಂಡಿತನಲ್ಲ, ಹುಣಸೂರಿನ ಸೀಮೆಯಲ್ಲಿ ಹುಟ್ಟಿ, ಶ್ರೀಮಠದ ಅನ್ನವನ್ನುಂಡು ಓದಿ, ವೈದ್ಯವೃತ್ತಿಯನ್ನು ಕಾಯಕವಾಗಿ ಹಿಡಿದವನು. ಆದುದರಿಂದ ಶಾಸ್ತ್ರವಿಚಾರವನ್ನು ಬಲ್ಲವರಿಗೆ ಬಿಟ್ಟು, ನನ್ನ ಕಾಯಕಕ್ಕೆ ಸೇರಿದ ಒಂದು ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಇಂದು ಬೆಳಗ್ಗೆ ದಾಸೋಹದ ಪಂಕ್ತಿಯನ್ನು ನೋಡಿದೆನು. ನೆಲದ ಮೇಲೆ ಕುಳಿತವರೆಷ್ಟೋ, ಗೋಡೆಯ ಬದಿಯ ಕುರ್ಚಿಗಳಲ್ಲಿ ಕುಳಿತವರೂ ಹೆಚ್ಚುಕಡಮೆ ಅಷ್ಟೇ ಮಂದಿ. ಗದ್ದುಗೆಯ ಮೆಟ್ಟಿಲನ್ನೇರಲಾರದೆ ಕೆಳಗಿನಿಂದಲೇ ಕೈಮುಗಿದ ತಾಯಂದಿರನ್ನೂ ಕಂಡೆನು. ಅವರಲ್ಲೊಬ್ಬರು, “ನಮ್ಮವ್ವನಿಗೂ ಹೀಗೇ ಇತ್ತು ಸ್ವಾಮಿ, ನನಗೂ ಬಂತು, ಇನ್ನು ನನ್ನ ಮಗಳಿಗೂ ಬಿಡದಲ್ಲವೆ?” ಎಂದು ಕೇಳಿದರು. ಆ ತಾಯಿಯ ಪ್ರಶ್ನೆಗೆ ಉತ್ತರವೇ ಈ ಉಪನ್ಯಾಸವಾಗಿರುವುದು.

ಮೊದಲು ಈ ರೋಗವೇನೆಂಬುದನ್ನು ತಿಳಿಯೋಣ. ಎರಡು ಮೂಳೆಗಳು ಕೂಡುವ ಕೀಲಿನಲ್ಲಿ ಮೂಳೆಯ ತುದಿಗಳಿಗೆ ನುಣುಪಾದ ಒಂದು ಹೊದಿಕೆಯುಂಟು. ಅದನ್ನು ಮೃದ್ವಸ್ಥಿಯೆನ್ನುವರು. ಅದರ ಸುತ್ತಲೂ ಎಣ್ಣೆಯಂತಹ ದ್ರವವಿರುವುದರಿಂದ ಕೀಲು ತಡೆಯಿಲ್ಲದೆ ಆಡುವುದು. ಕಾಲಾಂತರದಲ್ಲಿ ಆ ಹೊದಿಕೆಯು ತೆಳುವಾಗಿ ಬಿರಿದು, ಕೆಳಗಿನ ಮೂಳೆಯು ಗಟ್ಟಿಯಾಗಿ, ಅಂಚಿನಲ್ಲಿ ಮುಳ್ಳಿನಂತೆ ಬೆಳೆದು, ನೋವೂ ಬಿಗಿತವೂ ತೋರುವುವು. ಚರಕಸಂಹಿತೆಯಲ್ಲಿ ಸಂಧಿಗತವಾತವೆಂದು ಹೇಳಿರುವುದು ಬಹುಮಟ್ಟಿಗೆ ಇದನ್ನೇ. ಇದನ್ನು ಕೇವಲ ಸವೆತವೆಂದು ತಿಳಿಯುವುದು ಸರಿಯಲ್ಲ. ಗಾಡಿಯ ಅಚ್ಚು ಸವೆದರೆ ತಾನಾಗಿ ಕೂಡಿಕೊಳ್ಳದು. ಕೀಲಾದರೋ ಜೀವವುಳ್ಳದ್ದು, ಸದಾ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿರುವುದು. ಕೆಡುವ ವೇಗಕ್ಕೆ ಕೂಡಿಕೊಳ್ಳುವ ವೇಗವು ಸಾಲದೆಹೋದಾಗ ರೋಗವು ತಲೆದೋರುವುದು.

ಇದು ನಮ್ಮ ಸೀಮೆಗೆ ಮಾತ್ರ ಬಂದ ಪೀಡೆಯಲ್ಲ. 2020ರ ಲೆಕ್ಕದಂತೆ ಲೋಕದಲ್ಲಿ ಸುಮಾರು 59 ಕೋಟಿ 50 ಲಕ್ಷ ಜನರು ಇದರಿಂದ ಬಳಲುತ್ತಿದ್ದರು. ಭಾರತದ ಹಲವೆಡೆಗಳಲ್ಲಿ ನಾಲ್ವತ್ತು ದಾಟಿದವರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 28.7 ಮಂದಿಗೆ ಮಂಡಿಯ ಕೀಲು ಕೆಟ್ಟಿರುವುದಾಗಿ ಕಂಡಿತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಬಗ್ಗಿ ಮುರಿದು ಹೊರೆಹೊತ್ತು ಬ್ಯಾರನ್ನಿಗೆ ಸಾಗಿಸುವವರು, ಕೃಷ್ಣರಾಜನಗರದ ಕಾಲುವೆಯ ಬಯಲಿನಲ್ಲಿ ಕೆಸರಿನೊಳಗೆ ನಾಟಿ ಹಾಕುವವರು, ಹೆಗ್ಗಡದೇವನಕೋಟೆಯ ಹೊಲಗಳಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕಳೆ ಕೀಳುವವರು, ಇವರ ಮಂಡಿಗಳ ಮೇಲೆ ಬೀಳುವ ಭಾರವೆಷ್ಟೆಂಬುದನ್ನು ನಾನು ವಿವರಿಸಬೇಕಾದುದಿಲ್ಲ.

ಹಾಗಾದರೆ ಒಂದೇ ಗದ್ದೆಯಲ್ಲಿ ಒಂದೇ ಪ್ರಾಯದ ಇಬ್ಬರು ದುಡಿಯುತ್ತಿರುವಲ್ಲಿ ಒಬ್ಬಳಿಗೆ ನಾಲ್ವತ್ತೈದಕ್ಕೆ ಮಂಡಿ ಹಿಡಿದು, ಇನ್ನೊಬ್ಬಳು ಎಪ್ಪತ್ತಕ್ಕೂ ನೆಟ್ಟಗೆ ನಡೆಯುವುದೇಕೆ? ಇಲ್ಲಿಯೇ ವಂಶದ ಮಾತು ಬರುವುದು.

ಬೆರಳುಗಳ ತುದಿಯ ಗೆಣ್ಣಿನಲ್ಲಿ ಏಳುವ ಗಂಟುಗಳನ್ನು ಇಂಗ್ಲೆಂಡಿನ ಹೆಬರ್ಡನ್ ಎಂಬ ವೈದ್ಯರು ವರ್ಣಿಸಿದರು. ಅವರ ಗ್ರಂಥವು 1802ರಲ್ಲಿ ಅಚ್ಚಾಯಿತು. ಆ ಗಂಟುಗಳು ತಾಯಿಯಿಂದ ಮಗಳಿಗೆ, ಅಕ್ಕನಂತೆ ತಂಗಿಗೆ ಬರುವುದನ್ನು ಅಮೇರಿಕಾದ ಸ್ಟೆಚರ್ ಎಂಬವರು 1941ರಲ್ಲಿ ಮನೆಮನೆಯ ಲೆಕ್ಕವಿಟ್ಟು ತೋರಿಸಿದರು. 1996ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಹೆಂಗಸರನ್ನು ಪರೀಕ್ಷಿಸಲಾಯಿತು. ಒಂದೇ ಅಂಡದಿಂದ ಒಡೆದು ಹುಟ್ಟಿದ ಅವಳಿಗಳಲ್ಲಿ ವಂಶದ್ರವ್ಯವೆಲ್ಲವೂ ಒಂದೇ. ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಾದರೆ ಬರಿಯ ಅಕ್ಕತಂಗಿಯರಷ್ಟೇ ಸಮಾನರು. ಈ ಎರಡು ಬಗೆಯವರನ್ನೂ ಹೋಲಿಸಿ, ಕೈ ಮತ್ತು ಮಂಡಿಗಳ ಈ ರೋಗದಲ್ಲಿ ವಂಶದ ಪಾಲು ನೂರಕ್ಕೆ 39ರಿಂದ 65ರಷ್ಟೆಂದು ಗಣಿಸಿದರು. ಈ ಅಂಕೆಯನ್ನು ಜನರು ತಪ್ಪಾಗಿ ತಿಳಿಯುವುದುಂಟು. ನಿಮ್ಮ ನೋವಿನಲ್ಲಿ ಅರ್ಧವು ನಿಮ್ಮ ತಾಯಿ ಕೊಟ್ಟದ್ದೆಂದು ಇದರ ಅರ್ಥವಲ್ಲ. ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ಅಂತರದಲ್ಲಿ ವಂಶಭೇದದಿಂದ ಆಗುವಷ್ಟು ಭಾಗವೆಂದು ಮಾತ್ರ ಅರ್ಥ.

ನಮ್ಮ ನಾಡಿನದೇ ಆದ ಒಂದು ನಿದರ್ಶನವನ್ನು ಈಗ ಹೇಳುವೆನು. ಶಿವಮೊಗ್ಗೆ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿರುವುದು. 1970ರ ದಶಕದ ನಡುವಿನಲ್ಲಿ ಅಲ್ಲಿನ ಕೆಲವು ಕೂಲಿಯವರ ಮನೆಗಳಲ್ಲಿ ಸೊಂಟದ ಕೀಲೂ ಮಂಡಿಯೂ ಬೇನೆಯಿಂದ ಬಿಗಿದು, ನಡೆಯುವವರು ಕೋಲು ಹಿಡಿದು, ಕೆಲವರು ತೆವಳುವಂತಾದುದು ಲೋಕಕ್ಕೆ ತಿಳಿದುಬಂದಿತು. ಗದ್ದೆಗೆ ಹೊಡೆದ ಕೀಟನಾಶಕದ ವಿಷವು ಏಡಿಯ ಮೂಲಕ ಬಡವರ ಹೊಟ್ಟೆಗೆ ಸೇರಿ ಹೀಗಾಯಿತೆಂಬ ಶಂಕೆಯು ಆಗ ಹರಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿದ್ವಾಂಸರು ಬಂದು ಪರೀಕ್ಷಿಸಿ, ಮಲೆನಾಡಿನ ಕುಟುಂಬಗತ ಸಂಧಿರೋಗವೆಂದು 1977ರಲ್ಲಿ ವರದಿಯನ್ನು ಪ್ರಕಟಿಸಿದರು. ಬಳಿಕ ನಡೆದ ಶೋಧನೆಗಳಲ್ಲಿ ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ಒಂದು ವಂಶಗತ ದೋಷವೆಂದು ಗೊತ್ತಾಯಿತು. ಕೆಲವರಲ್ಲಿ ಕೀಲಿನ ಬೇನೆ ಮಾತ್ರ. ಕೆಲವರಲ್ಲಿ ಬೆನ್ನೆಲುಬೂ ಚಪ್ಪಟೆಯಾಗಿ ಎತ್ತರವು ಕುಗ್ಗುವುದು. ಇನ್ನು ಕೆಲವರು ಕುಬ್ಜರಾಗಿಯೇ ಉಳಿಯುವರು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಂಭವವಿರುವಂತೆ ಇದು ಇಳಿದುಬರುವುದು. ಮದುವೆಗಳು ಚಿಕ್ಕದೊಂದು ವಲಯದಲ್ಲೇ ನಡೆಯುತ್ತಿದ್ದುದರಿಂದ ರೋಗವೂ ಅಲ್ಲಿಯೇ ಉಳಿಯಿತು.

ಅಲ್ಲಿ ರೋಗಕ್ಕಿಂತಲೂ ದುಸ್ಸಹವಾದುದು ಬಡತನವಾಗಿದ್ದಿತು. ಕೂಲಿಯೊಂದನ್ನೇ ನಂಬಿದ ಮನೆಯಲ್ಲಿ ಸೊಂಟ ಬಿದ್ದರೆ ಒಲೆ ಹೊತ್ತುವುದೆಂತು? ಕಾರಣವು ವಂಶದಲ್ಲಿದೆಯೆಂದು ಗೊತ್ತಾದ ಮಾತ್ರಕ್ಕೆ ಅವರ ಹೊಣೆಯು ಸಮಾಜದಿಂದ ತಪ್ಪಲಿಲ್ಲ. ಈ ಮಾತನ್ನು ಸಭೆಯು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುವೆನು.

ನಮ್ಮ ಮನೆಗಳ ಮಂಡಿನೋವು ಹಂದಿಗೋಡಿನದಲ್ಲ. ಅಲ್ಲಿನದು ಒಂದು ದೊಡ್ಡ ದೋಷದಿಂದ ಬಂದ ಅಪರೂಪದ ರೋಗ; ಇಲ್ಲಿನದು ನೂರಾರು ಸಣ್ಣ ಭೇದಗಳು ಕೂಡಿ, ಅವಕ್ಕೆ ಪ್ರಾಯ, ತೂಕ, ಹಳೆಯ ಪೆಟ್ಟು, ದುಡಿಮೆಯ ಬಗೆ ಇವೆಲ್ಲವೂ ಸೇರಿ ಬರುವ ಸಾಮಾನ್ಯ ರೋಗ. ಗರ್ಭದಲ್ಲಿ ಕೀಲುಗಳು ರೂಪುಗೊಳ್ಳುವುದಕ್ಕೆ ಬೇಕಾದ ಜಿಡಿಎಫ್-5 ಎಂಬ ವಂಶವಾಹಿಯಲ್ಲಿನ ಒಂದು ಭೇದವು ಈ ರೋಗಕ್ಕೆ ಸ್ವಲ್ಪ ಎಡೆಗೊಡುವುದೆಂದು ಜಪಾನಿನವರು 2007ರಲ್ಲಿ ತೋರಿಸಿದರು. 2025ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ ಹತ್ತೊಂಬತ್ತು ಲಕ್ಷಕ್ಕೂ ಮೀರಿದ ಜನರ ವಂಶದ್ರವ್ಯವನ್ನು ಹೋಲಿಸಿ 962 ಭೇದಗಳನ್ನು ಗುರುತಿಸಿರುವರು. ಹನಿ ಹನಿ ಕೂಡಿ ಹಳ್ಳವಾಗುವಂತೆ ಇವು ಕೂಡಿ ಬಲಗೊಳ್ಳುವುವೇ ಹೊರತು ಒಂದೊಂದರ ಬಲವೂ ಅತ್ಯಲ್ಪ. ಆದುದರಿಂದ ಇಂತಹ ಮಗುವಿಗೆ ಮಂಡಿ ಹಿಡಿದೇ ಹಿಡಿಯುವುದೆಂದು ಮುಂದಾಗಿ ಹೇಳಬಲ್ಲ ರಕ್ತಪರೀಕ್ಷೆಯು ಈ ಹೊತ್ತಿಗೂ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಗುರುಸನ್ನಿಧಿಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನಾನು ವೃತ್ತಿಗೆ ಹೊಸಬನಾಗಿದ್ದಾಗ ಪಿರಿಯಾಪಟ್ಟಣದ ಕಡೆಯ ಒಬ್ಬ ತಾಯಿಯು ಮಗಳೊಡನೆ ಬಂದಿದ್ದರು. ಆಕೆಯ ತಾಯಿಗೂ ಅಜ್ಜಿಗೂ ಮಂಡಿ ಬಾಗಿದ್ದಿತೆಂದು ಕೇಳಿ, “ಇದು ನಿಮ್ಮ ವಂಶದಲ್ಲೇ ಇದೆ ತಾಯಿ, ನಾವೇನು ಮಾಡಲಾದೀತು?” ಎಂದು ಹೇಳಿ ಮಾತ್ರೆ ಕೊಟ್ಟು ಕಳುಹಿಸಿದೆನು. ಎರಡು ವರ್ಷಗಳ ಮೇಲೆ ಆ ಮಗಳು ಒಬ್ಬಳೇ ಬಂದಳು. ನನ್ನ ಮಾತನ್ನು ಕೇಳಿದಂದಿನಿಂದ ತಾಯಿಯು ನಡೆಯುವುದನ್ನೇ ಬಿಟ್ಟು ಮಂಚ ಹಿಡಿದಿದ್ದರು. ಮೈ ಬೆಳೆದು, ತೊಡೆಯ ಬಲ ಕುಂದಿ, ನೋವು ಇಮ್ಮಡಿಯಾಗಿದ್ದಿತು. ಅಷ್ಟೇ ಅಲ್ಲ. ಆ ಮಾತು ಊರಿನಲ್ಲಿ ಹಬ್ಬಿ, ಮಗಳಿಗೆ ಗೊತ್ತಾಗಿದ್ದ ಸಂಬಂಧವು ವಂಶದಲ್ಲಿ ದೋಷವಿದೆಯೆಂಬ ನೆಪದಿಂದ ಮುರಿದುಬಿದ್ದಿದ್ದಿತು. “ನೀವು ಹೇಳಿದ್ದು ನಿಜವೇ ಸ್ವಾಮಿ?” ಎಂದು ಆಕೆ ಕೇಳಿದಳು. ಅರ್ಧ ನಿಜವನ್ನು ಹೇಳಿದ್ದೆನು. ಉಳಿದರ್ಧವನ್ನು ಹೇಳದೆ ಆ ಮನೆಗೆ ಕೇಡು ಮಾಡಿದ್ದೆನು.

ಆ ಉಳಿದರ್ಧವೇನೆಂದರೆ, ವಂಶವು ಬೀಜವನ್ನು ಕೊಡುವುದು. ಬೆಳೆಯು ನೆಲ, ನೀರು, ಆರೈಕೆಗಳನ್ನೂ ಹೊಂದಿಕೊಂಡಿರುವುದು. ಅಮೇರಿಕಾದ ಫ್ರೇಮಿಂಗ್‌ಹ್ಯಾಂ ಎಂಬ ಪಟ್ಟಣದ ಹೆಂಗಸರಲ್ಲಿ ಹತ್ತು ವರ್ಷಗಳೊಳಗೆ ಸುಮಾರು ಐದು ಕಿಲೋ ತೂಕ ಇಳಿದವರಿಗೆ ನೋವಿನೊಡನೆ ಬರುವ ಮಂಡಿರೋಗದ ಸಂಭವವು ಅರ್ಧಕ್ಕೂ ಕಡಮೆಯಾಯಿತೆಂದು 1992ರಲ್ಲಿ ವರದಿಯಾಯಿತು. ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುವುದೆಂದು 2005ರಲ್ಲಿ ಅಳೆದು ಕಂಡಿರುವರು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಿಂದ ನೋವು ತಗ್ಗುವುದೆಂಬುದು ಹಲವು ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ಇವಾವುವೂ ವಂಶವನ್ನು ಕೇಳಿ ಕೆಲಸ ಮಾಡುವುವಲ್ಲ.

ಆ ತಾಯಿಯನ್ನು ನಾನೇ ಹೋಗಿ ಕಂಡೆನು. ಮಂಚದ ಅಂಚಿನಲ್ಲಿ ಕುಳಿತು ಕಾಲನ್ನು ನೀಳವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವುದನ್ನು ಕಲಿಸಿದೆನು. ಮೊದಲು ಜಗಲಿಯವರೆಗೆ, ಬಳಿಕ ಊರಬಾವಿಯವರೆಗೆ, ಆರು ತಿಂಗಳಲ್ಲಿ ದೇವಸ್ಥಾನದವರೆಗೆ ನಡೆದರು. ಮಂಡಿಯು ನೆಟ್ಟಗಾಗಲಿಲ್ಲ, ಆದರೆ ಬಾಳು ಮಂಚವನ್ನು ಬಿಟ್ಟಿತು. ಮಗಳ ಮುರಿದ ಸಂಬಂಧವನ್ನು ಮಾತ್ರ ನಾನು ಕೂಡಿಸಲಾರದೆ ಹೋದೆನು. ಆ ಋಣವನ್ನು ತೀರಿಸುವುದಕ್ಕಾಗಿಯೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಹುಟ್ಟಿನಿಂದ ಮನುಷ್ಯನ ಮೇಲುಕೀಳನ್ನು ಅಳೆಯುವುದನ್ನು ನಿರಾಕರಿಸಿದರು. ಆ ಪರಂಪರೆಯವರಾದ ನಾವು ಕುಲದ ಅಳತೆಯನ್ನು ಬಿಟ್ಟೆವೆಂದು ಹೇಳಿಕೊಂಡು, ಮೂಳೆಯ ಅಳತೆಯನ್ನು ಹಿಡಿದರೆ ಅದು ಬಿಟ್ಟಂತಾಯಿತೆ? ವಂಶವಾಹಿಯೆಂಬ ಹೊಸ ಮಾತನ್ನು ಹಳೆಯ ಕಳಂಕಕ್ಕೆ ಹೊದಿಕೆಯಾಗಿ ಮಾಡಬಾರದು. ಮೇಲೆ ಹೇಳಿದ ನೂರಾರು ಭೇದಗಳಲ್ಲಿ ಕೆಲವಾದರೂ ಇಲ್ಲದ ಮನೆ ಲೋಕದಲ್ಲಿರದು. ಹೆಣ್ಣನ್ನು ಬೇಡವೆಂದವರ ಮನೆಯೂ ಅದಕ್ಕೆ ಹೊರತಲ್ಲ. ಪೂರ್ವಜನ್ಮದ ಪಾಪದಿಂದ ಮಂಡಿ ಬಿದ್ದಿತೆಂದು ನೊಂದವರನ್ನು ಮತ್ತೆ ನೋಯಿಸುವ ಮಾತೂ ನಮ್ಮ ಬಾಯಲ್ಲಿ ಬರಕೂಡದು.

ಇನ್ನು ಮಾಡತಕ್ಕ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳುವೆನು. ತಾಯಿತಂದೆಗಳಿಗೆ ಮಂಡಿನೋವಿದ್ದವರು ಮೂವತ್ತರ ಪ್ರಾಯದಿಂದಲೇ ಮೈತೂಕದ ಕಡೆಗೆ ಗಮನಕೊಡಬೇಕು. ಕಳೆ ಕೀಳುವಾಗ ಒಂದೇ ಸಮನೆ ಕುಕ್ಕುರುಗಾಲಿನಲ್ಲಿ ಕೂರದೆ ನಡುನಡುವೆ ಎದ್ದು ನಿಲ್ಲಬೇಕು. ಸಾಧ್ಯವಾದರೆ ಗಿಡ್ಡಮಣೆಯನ್ನು ಬಳಸಬೇಕು. ಹೊರೆಯನ್ನು ಎರಡು ಸಲ ಮಾಡಿ ಹೊರುವುದರಿಂದ ಹೊತ್ತು ಹೋಗುವುದೇ ಹೊರತು ಮಾನ ಹೋಗದು. ಹೆಸರು ತಿಳಿಯದ ಪುಡಿ ಗುಳಿಗೆಗಳನ್ನು ಸಂತೆಯಲ್ಲಿ ಕೊಂಡು ನುಂಗಬಾರದು. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಹುಕಾಲ ಸೇವಿಸಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಯುಂಟು. ಬೆಳಗಿನ ಬಿಗಿತವು ಗಂಟೆಗೂ ಮೀರಿ ನಿಂತರೆ, ಕೀಲು ಕೆಂಪಾಗಿ ಬಿಸಿಯೇರಿದರೆ, ಜ್ವರ ಬಂದರೆ ಅದು ಬೇರೆ ರೋಗವಿರಬಹುದು; ತಡಮಾಡದೆ ತೋರಿಸಬೇಕು. ಎಳೆಯ ಮಗುವು ಕುಂಟಿದರೆ ವಂಶದ ಮಾತೆಂದು ಸುಮ್ಮನಿರಬಾರದು. ಕೆಟ್ಟ ಮೃದ್ವಸ್ಥಿಯನ್ನು ಮೊದಲಿನಂತೆ ಮಾಡುವ ಔಷಧವು ಇನ್ನೂ ದೊರೆತಿಲ್ಲ. ಆದರೆ ಬಹಳ ಕೆಟ್ಟ ಮಂಡಿಯನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸುವ ಮಾರ್ಗವುಂಟು.

ಕೊನೆಗೆ ಶ್ರೀಸನ್ನಿಧಾನದಲ್ಲಿ ಒಂದು ಬಿನ್ನಹ. ಗದ್ದುಗೆಯ ಮೆಟ್ಟಿಲ ಬದಿಯಲ್ಲಿ ಹಿಡಿದು ಏರುವುದಕ್ಕೆ ಒಂದು ಕಂಬಿಯನ್ನೂ, ದಾಸೋಹದ ಮನೆಯಲ್ಲಿ ಎತ್ತರದ ಒಂದು ಪಂಕ್ತಿಯನ್ನೂ ಏರ್ಪಡಿಸಿದರೆ ಮುದುಕರು ಮುದುಕಿಯರು ಸಂಕೋಚವಿಲ್ಲದೆ ಬಂದುಹೋಗುವರು. ಇಷ್ಟಲಿಂಗಪೂಜೆಗೆ ನೆಲದ ಮೇಲೆ ಕೂರಲಾರದವರು ಕುರ್ಚಿಯ ಮೇಲೆ ಕುಳಿತರೆ ಭಕ್ತಿಗೆ ಕೊರತೆಯಿಲ್ಲವೆಂಬ ಮಾತು ಗುರುಮುಖದಿಂದಲೇ ಬಂದರೆ, ನಮ್ಮ ನಾಲ್ಕೂ ತಾಲ್ಲೂಕುಗಳ ತಾಯಂದಿರಿಗೆ ಅದು ನನ್ನ ಎಲ್ಲ ಔಷಧಗಳಿಗಿಂತಲೂ ಮೇಲಾದುದು.

ಬೆಳಗ್ಗೆ ಪ್ರಶ್ನೆ ಕೇಳಿದ ತಾಯಿಗೆ ನನ್ನ ಉತ್ತರವಿಷ್ಟು: ನಿಮ್ಮ ಮಗಳಿಗೆ ನೀವು ಕೊಟ್ಟದ್ದು ಬರಿಯ ಮಂಡಿಯನ್ನಲ್ಲ, ಆ ಮಂಡಿಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬ ತಿಳಿವನ್ನೂ ಈಗಿನಿಂದಲೇ ಕೊಡಬಲ್ಲಿರಿ. ಮೊದಲಿನದು ನಿಮ್ಮ ಕೈಯಲ್ಲಿರಲಿಲ್ಲ, ಎರಡನೆಯದು ಇರುವುದು.