ಬಾಹ್ಯಾಕಾಶದ ಯುದ್ಧನೌಕೆ ಎಷ್ಟು ಟನ್?

ಮಕ್ಕಳೇ, ಕಾರವಾರದ ನೌಕಾನೆಲೆಗೆ ಸೇರಿದ ಐಎನ್‌ಎಸ್ ವಿಕ್ರಮಾದಿತ್ಯ ಹಡಗಿನ ಚಿತ್ರ ನೋಡಿದ್ದೀರಾ? ಅದು ಸುಮಾರು 44,500 ಟನ್ನಿನ ಹಡಗು. ಅಷ್ಟು ದೊಡ್ಡದನ್ನು ತೂಗುವ ತಕ್ಕಡಿ ಎಲ್ಲೂ ಇಲ್ಲ. ಮತ್ತೆ ತೂಕ ಗೊತ್ತಾದದ್ದು ಹೇಗೆ? ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸ್ ಕಂಡುಕೊಂಡಿದ್ದ. ಹಡಗು ಸರಿಸಿದ ನೀರನ್ನು ಲೆಕ್ಕ ಹಾಕಿದರೆ ಹಡಗಿನ ತೂಕ ಸಿಕ್ಕಿಬಿಡುತ್ತದೆ.

ಹಾಗಾದರೆ ನೀರೇ ಇಲ್ಲದ ಬಾಹ್ಯಾಕಾಶದಲ್ಲಿ ಓಡಾಡುವ ಯುದ್ಧನೌಕೆಯನ್ನು ಅಳೆಯುವುದು ಹೇಗೆ? ಇದಕ್ಕೆ ಒಂದು ಆಟದಲ್ಲಿ ಸೊಗಸಾದ ಉತ್ತರವಿದೆ.

ಆ ಆಟದ ಹೆಸರು ‘ಟ್ರಾವೆಲರ್’. ಅಮೆರಿಕದ ಮಾರ್ಕ್ ಮಿಲ್ಲರ್ 1977ರಲ್ಲಿ ಇದನ್ನು ರೂಪಿಸಿದರು. ಆಟಗಾರರು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ, ದಾಳ ಉರುಳಿಸುತ್ತಾರೆ, ಕತೆ ಬೆಳೆಸುತ್ತಾರೆ. ಈ ಆಟದಲ್ಲಿ ‘ಅಝಾಂಟಿ ಹೈ ಲೈಟ್ನಿಂಗ್’ ಎಂಬ ಕ್ರೂಸರ್ ನೌಕೆ ಬರುತ್ತದೆ. ನಕ್ಷತ್ರಗಳ ನಡುವಿನ ಸಾಮ್ರಾಜ್ಯವೊಂದರ ನೌಕಾಪಡೆಗೆ ಸೇರಿದ ಅದರ ಗಾತ್ರ 60,000 ಟನ್.

ಆದರೆ ಈ ಟನ್ ತೂಕದ ಟನ್ ಅಲ್ಲ, ಜಾಗದ ಅಳತೆ. ಒಂದು ಟನ್ ದ್ರವ ಜಲಜನಕ, ಅಂದರೆ ದ್ರವರೂಪದ ಹೈಡ್ರೋಜನ್, ಎಷ್ಟು ಜಾಗ ಹಿಡಿಯುತ್ತದೋ ಅಷ್ಟು ಜಾಗಕ್ಕೆ ಈ ಆಟದಲ್ಲಿ ಒಂದು ಟನ್ ಎಂದು ಹೆಸರು. ಅದೆಷ್ಟು ಜಾಗ? ನಿಮ್ಮ ಮನೆಯ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕ್ ಇದ್ದರೆ, ಅದು ತುಂಬಿದಾಗ ಒಳಗಿರುವ ನೀರಿನ ತೂಕ ಒಂದು ಟನ್. ಅಷ್ಟೇ ತೂಕದ ದ್ರವ ಜಲಜನಕವನ್ನು ತುಂಬಿಡಲು ಅಂಥ 14 ಟ್ಯಾಂಕುಗಳು ಬೇಕು!

ಜಲಜನಕ ಅಷ್ಟು ಹಗುರ. ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್, ಅಷ್ಟೇ ಅದರ ಪರಮಾಣು. ಅದರ ಅಣುಗಳು ಒಂದನ್ನೊಂದು ಬಹಳ ದುರ್ಬಲವಾಗಿ ಸೆಳೆಯುತ್ತವೆ. ಅದಕ್ಕೇ ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದಾಗ ಮಾತ್ರ ಅದು ದ್ರವವಾಗುತ್ತದೆ.

ಈಗ ಲೆಕ್ಕ ಮಾಡೋಣ. ಒಂದು ಟನ್ನಿಗೆ 14 ಘನ ಮೀಟರ್. 60,000 ಟನ್ನಿಗೆ 8,40,000 ಘನ ಮೀಟರ್. ಈ ನೌಕೆಯಷ್ಟೇ ಜಾಗ ಹಿಡಿಯುವ ಒಂದು ಘನಾಕೃತಿ ಮಾಡಿದರೆ ಅದರ ಉದ್ದ, ಅಗಲ, ಎತ್ತರ ಎಲ್ಲವೂ ಸುಮಾರು 94 ಮೀಟರ್!

ಆಟದಲ್ಲಿ ಜಲಜನಕಕ್ಕೆ ಇಷ್ಟು ಮರ್ಯಾದೆ ಏಕೆ? ಅದೇ ಈ ನೌಕೆಗಳ ಇಂಧನ. ಅವುಗಳ ಎಂಜಿನ್‌ಗಳಲ್ಲಿ ಜಲಜನಕದ ಪರಮಾಣು ಬೀಜಗಳು ಬೆಸೆದುಕೊಂಡು ಶಕ್ತಿ ಹುಟ್ಟುತ್ತದೆ. ನಮ್ಮ ಸೂರ್ಯ ಬೆಳಗುತ್ತಿರುವುದೂ ಇಂಥದೇ ಬೆಸುಗೆಯಿಂದ. ನೌಕೆ ಒಂದು ಪಾರ್ಸೆಕ್ ದೂರ, ಅಂದರೆ 3.26 ಜ್ಯೋತಿರ್ವರ್ಷ, ಜಿಗಿಯಬೇಕಾದರೆ ತನ್ನ ಗಾತ್ರದ ಹತ್ತನೇ ಒಂದು ಭಾಗದಷ್ಟು ಜಲಜನಕ ಖರ್ಚಾಗುತ್ತದೆ ಎಂಬುದು ಆಟದ ನಿಯಮ. ನಮ್ಮ ಕ್ರೂಸರಿಗೆ ಅದು 6,000 ಟನ್.

ಖಾಲಿಯಾದರೆ? ಗುರುವಿನಂಥ ಅನಿಲ ದೈತ್ಯ ಗ್ರಹದ ವಾತಾವರಣಕ್ಕೆ ನುಗ್ಗಿ ಜಲಜನಕ ತುಂಬಿಕೊಂಡು ಬರಬೇಕು. ಗುರುಗ್ರಹದ ಬಹುಪಾಲು ಜಲಜನಕವೇ ಎಂಬುದು ನಿಜ. ಆದರೆ ಅಲ್ಲಿಗೆ ನುಗ್ಗುವುದು ಎಷ್ಟು ಕಷ್ಟ ಎಂದು ನಾಸಾದ ಗೆಲಿಲಿಯೋ ಯೋಜನೆಯಿಂದ ಗೊತ್ತಾಯಿತು. 1995ರ ಡಿಸೆಂಬರ್ 7ರಂದು ಅದರ ಪುಟ್ಟ ಶೋಧಕವೊಂದು ಗಂಟೆಗೆ ಸುಮಾರು 1,70,000 ಕಿಲೋಮೀಟರ್ ವೇಗದಲ್ಲಿ ಗುರುವಿನ ವಾತಾವರಣ ಹೊಕ್ಕಿತು. ಅದರ ಶಾಖಕವಚದ ಸುಮಾರು ಅರ್ಧಭಾಗ ಉರಿದುಹೋಯಿತು. ಸುಮಾರು ಒಂದು ಗಂಟೆ ಮಾಹಿತಿ ಕಳಿಸಿ ಶೋಧಕ ಮೌನವಾಯಿತು.

ಆಟದಲ್ಲಿ ಕಲ್ಪನೆ ಯಾವುದು, ವಿಜ್ಞಾನ ಯಾವುದು ಎಂದು ಬೇರೆ ಮಾಡಿ ನೋಡುವುದು ಮುಖ್ಯ. ಒಂದು ಜಿಗಿತಕ್ಕೆ ಸುಮಾರು ಒಂದು ವಾರ ಸಾಕು ಎನ್ನುವುದು ಕಲ್ಪನೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದರ ಬೆಳಕು ನಮ್ಮನ್ನು ತಲುಪಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಬೆಳಕಿಗಿಂತ ವೇಗವಾಗಿ ಹೋಗುವ ವಾಹನ ಯಾರ ಬಳಿಯೂ ಇಲ್ಲ. ಆದರೆ ದ್ರವ ಜಲಜನಕ ಬಹಳ ಜಾಗ ತಿನ್ನುತ್ತದೆ ಎನ್ನುವುದು ಅಪ್ಪಟ ವಿಜ್ಞಾನ.

ನಮ್ಮ ರಾಕೆಟ್ ಎಂಜಿನಿಯರುಗಳಿಗೂ ಇದೇ ಲೆಕ್ಕ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ3 ರಾಕೆಟ್ಟಿನ ಮೇಲಿನ ಹಂತದಲ್ಲಿ ದ್ರವ ಜಲಜನಕ ಮತ್ತು ದ್ರವ ಆಮ್ಲಜನಕ ಇದ್ದವು. ಅಲ್ಲಿ ಜಲಜನಕವನ್ನು ಬೆಸೆಯುವುದಿಲ್ಲ, ಆಮ್ಲಜನಕದ ಜೊತೆ ಉರಿಸುತ್ತಾರೆ. ತೂಕದಲ್ಲಿ ಆಮ್ಲಜನಕವೇ ಹೆಚ್ಚು, ಆದರೂ ದೊಡ್ಡ ತೊಟ್ಟಿ ಬೇಕಾಗುವುದು ಜಲಜನಕಕ್ಕೆ! ಇಂಥ ಕ್ರಯೋಜೆನಿಕ್ ಎಂಜಿನ್‌ಗಳನ್ನು ತಯಾರಿಸುವ ಘಟಕವೊಂದು 2022ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಉದ್ಘಾಟನೆಯಾಯಿತು.

ನೀವೂ ಒಂದು ಆಕಾಶನೌಕೆಯ ಚಿತ್ರ ಬರೆಯಿರಿ. ರೆಕ್ಕೆ, ಕಿಟಕಿ, ಬಣ್ಣ ಎಲ್ಲ ನಿಮ್ಮಿಷ್ಟ. ಆದರೆ ಇಂಧನದ ತೊಟ್ಟಿಗೆ ಎಷ್ಟು ಜಾಗ ಬೇಕು ಎಂದು ಮೊದಲು ಲೆಕ್ಕ ಮಾಡಿ, ಆಮೇಲೆ ಉಳಿದ ಕೋಣೆಗಳನ್ನು ಹಂಚಿ. ಲೆಕ್ಕ ಸರಿಯಿದ್ದರೆ ನಿಮ್ಮ ಕಲ್ಪನೆಯ ನೌಕೆಯನ್ನು ನೋಡುವವರು ನಂಬುತ್ತಾರೆ.