ಸಂತೆಯೂರಿನ ಒಂದು ಮನೆತನ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನಾನು ಹೇಳಹೊರಟಿರುವುದು ಇಂಗ್ಲೆಂಡಿನ ಒಂದು ಬಿಯರ್ ಕಾರ್ಖಾನೆಯ ಕಥೆ. ಶಾಲೆಯ ವೇದಿಕೆಯಲ್ಲಿ ಇದೇನು ಮಾತು ಎಂದು ಗುರುಗಳು ಬೇಸರಿಸಬಾರದು. ಕುಡಿತವನ್ನು ನಾನು ಹೊಗಳುತ್ತಿಲ್ಲ. ಕೈತಪ್ಪಿದ್ದನ್ನು ಒಂದು ಮನೆತನ ಮರಳಿ ಪಡೆದ ಬಗೆಯಷ್ಟೇ ನನ್ನ ವಿಷಯ.

ಯಾರ್ಕ್‌ಷೈರಿನ ಉತ್ತರ ಭಾಗದಲ್ಲಿ ಮ್ಯಾಸಮ್ ಎಂಬ ಸಣ್ಣ ಪೇಟೆಯಿದೆ. ಊರ ನಡುವೆ ವಿಶಾಲವಾದ ಸಂತೆ ಮೈದಾನ. ಹಿಂದೆ ಅಲ್ಲಿ ಕುರಿ ವ್ಯಾಪಾರ ಬಲು ಜೋರಾಗಿತ್ತು. 1827ರಲ್ಲಿ ರಾಬರ್ಟ್ ಥೀಕ್‌ಸ್ಟನ್ ಎಂಬಾತ ಪಾಲುದಾರನೊಬ್ಬನ ಜೊತೆ ಸೇರಿ ಬ್ಲ್ಯಾಕ್ ಬುಲ್ ಎಂಬ ವಸತಿಗೃಹವನ್ನೂ ಅದರ ಬಿಯರ್ ಮನೆಯನ್ನೂ ಗುತ್ತಿಗೆಗೆ ಹಿಡಿದ. 1875ರಲ್ಲಿ ಮಗ ಥಾಮಸ್ ಹೊಸ ಕಾರ್ಖಾನೆ ಕಟ್ಟಿಸಿದ. 1919ರಲ್ಲಿ ಅದೇ ಊರಿನ ಪ್ರತಿಸ್ಪರ್ಧಿ ಲೈಟ್‌ಫುಟ್ ಕಾರ್ಖಾನೆಯೂ ಇವರದಾಯಿತು.

1974ರಲ್ಲಿ ಕಾರ್ಲೈಲ್ ನಗರದಲ್ಲಿ ಸರ್ಕಾರ ನಡೆಸುತ್ತಿದ್ದ ಕಾರ್ಖಾನೆಯನ್ನು ಕೊಂಡರು. ಹೊರೆ ಹೆಚ್ಚಿತು. ಮನೆಯೊಳಗೆ ಮನಸ್ತಾಪವೂ ಬೆಳೆಯಿತು. 1984ರಲ್ಲಿ ಮ್ಯಾಥ್ಯೂ ಬ್ರೌನ್ ಎಂಬ ಹೊರಗಿನ ಕಂಪನಿ ಇವರದನ್ನು ಕೊಂಡಿತು. 1987ರಲ್ಲಿ ಆ ಕಂಪನಿಯನ್ನೇ ಸ್ಕಾಟಿಷ್ ಅಂಡ್ ನ್ಯೂಕಾಸಲ್ ಎಂಬ ಇನ್ನೂ ದೊಡ್ಡ ಕಂಪನಿ ಕೊಂಡಿತು. ಫಲಕದ ಮೇಲೆ ಥೀಕ್‌ಸ್ಟನ್ ಹೆಸರು ಉಳಿಯಿತು, ಯಜಮಾನಿಕೆ ಉಳಿಯಲಿಲ್ಲ.

ಆ ಮನೆತನದ ಪಾಲ್ ಥೀಕ್‌ಸ್ಟನ್ ಹೊರಬಂದರು. ಊರು ಬಿಡಲಿಲ್ಲ. 1992ರಲ್ಲಿ ಲೈಟ್‌ಫುಟ್‌ನವರ ಹಳೆಯ ಕಟ್ಟಡದಲ್ಲೇ ಹೊಸ ಕಾರ್ಖಾನೆ ತೆರೆದು ‘ಬ್ಲ್ಯಾಕ್ ಶೀಪ್’, ಅಂದರೆ ಕರಿ ಕುರಿ ಎಂದು ಹೆಸರಿಟ್ಟರು. ಮನೆಯವರ ದಾರಿ ಬಿಟ್ಟವನನ್ನು ಇಂಗ್ಲಿಷರು ಕರೆಯುವುದೇ ಹಾಗೆ. ಕುರಿ ಸಂತೆಯ ಊರಿಗೂ ಅದು ಒಪ್ಪುವ ಹೆಸರು! 2003ರಲ್ಲಿ ಅದೇ ಮನೆತನದ ನಾಲ್ವರು ಅಣ್ಣ-ತಮ್ಮಂದಿರು ಹಳೆಯ ಕಾರ್ಖಾನೆಯ ಹಿಡಿತವನ್ನು ದೊಡ್ಡ ಕಂಪನಿಯಿಂದ ಮರಳಿ ಕೊಂಡರು.

ಕಥೆ ಇಲ್ಲಿಗೆ ಸುಖಾಂತ್ಯ ಎನ್ನುವಂತಿಲ್ಲ. ಹಣದ ಮುಗ್ಗಟ್ಟಿಗೆ ಸಿಕ್ಕ ‘ಬ್ಲ್ಯಾಕ್ ಶೀಪ್’ 2023ರಲ್ಲಿ ಹೊರಗಿನ ಹೂಡಿಕೆದಾರರ ಪಾಲಾಯಿತು. ಒಮ್ಮೆ ಉಳಿಸಿಕೊಂಡೆವು ಎಂದು ಕೈಕಟ್ಟಿ ಕೂರುವ ಹಾಗಿಲ್ಲ; ಪ್ರತಿ ತಲೆಮಾರೂ ತನ್ನ ಪಾಲಿನ ಹೊರೆ ಹೊರಲೇಬೇಕು.

ನಮ್ಮ ಶಾಲೆ ಸರ್ಕಾರದ್ದು. ಇದನ್ನು ಯಾರೂ ಕೊಳ್ಳಲಾರರು, ನಿಜ. ಆದರೆ ಕೊಳ್ಳುವವರಿಲ್ಲದೆಯೂ ಶಾಲೆ ಕೈತಪ್ಪುತ್ತದೆ. ಮಕ್ಕಳು ಕಡಿಮೆಯಾದರೆ ಸಾಕು, ಕೊಠಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ. ಮ್ಯಾಸಮ್‌ನ ಆ ಅಣ್ಣ-ತಮ್ಮಂದಿರು ಹಳೆಯ ಹೆಸರನ್ನು ಬರೀ ಹೊಗಳಲಿಲ್ಲ, ದುಡ್ಡು ಹಾಕಿದರು, ದಿನದಿನದ ದುಡಿಮೆಗೂ ನಿಂತರು. ನಾವೂ ಅಷ್ಟು ಮಾಡೋಣ. ಒಂದೊಂದು ಬ್ಯಾಚಿನವರು ಒಂದೊಂದು ಹೊಣೆ ಹೊರಲಿ: ಒಬ್ಬರು ಪ್ರಯೋಗಾಲಯ, ಒಬ್ಬರು ಗ್ರಂಥಾಲಯ, ಒಬ್ಬರು ಶೌಚಾಲಯ. ನಮ್ಮ 2005ರ ಬ್ಯಾಚು ಕಂಪ್ಯೂಟರ್ ಕೊಠಡಿಯನ್ನು ನೋಡಿಕೊಳ್ಳುತ್ತದೆ. ಗೆಳೆಯರನ್ನು ಕೇಳಿಯೇ ಈ ಮಾತು ಕೊಡುತ್ತಿದ್ದೇನೆ.